ಸಣ್ಣ ಔಟ್‌ಬೋರ್ಡ್ ದೋಣಿಯಲ್ಲಿ ಭಾರ ಎಲ್ಲಿರಬೇಕು, ಎಂಜಿನ್ ಎಷ್ಟು ಬಾಗಿರಬೇಕು

ಹಿಂಬದಿಯ ಹೊರಗೆ ಎಂಜಿನ್ ನೇತುಬಿಟ್ಟ (ಔಟ್‌ಬೋರ್ಡ್), ಮೂರೂವರೆಯಿಂದ ಐದು ಮೀಟರ್ ಉದ್ದದ ಮೀನುಗಾರಿಕೆ ದೋಣಿ ಸರಿಯಾಗಿ ಓಡುತ್ತಿಲ್ಲ ಎಂದಾಗ ಎಲ್ಲರ ಕೈ ಮೊದಲು ಹೋಗುವುದು ಎಂಜಿನ್ನಿನ ಟ್ರಿಮ್ ಪಿನ್ನಿಗೆ, ಅಂದರೆ ಎಂಜಿನ್ ಎಷ್ಟು ಬಾಗಿ ನಿಲ್ಲಬೇಕು ಎನ್ನುವುದನ್ನು ಗೊತ್ತುಮಾಡುವ ಪಿನ್ನಿಗೆ. ಅದು ಕೊನೆಗೆ ಮುಟ್ಟಬೇಕಾದ ಜಾಗ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಓಡಿಸುವವನು ಎಲ್ಲರೂ ಹಿಂದಿನ ಒಂದು ಮೀಟರಿನಲ್ಲೇ ಗುಂಪುಗೂಡಿದ್ದರೆ ಯಾವ ಪಿನ್ನಿನಿಂದಲೂ ಆ ದೋಣಿ ನೆಟ್ಟಗಾಗದು. ಮೊದಲು ನಿಂತ ನೀರಿನಲ್ಲಿ ಭಾರ ಸರಿಪಡಿಸಬೇಕು, ಆಮೇಲೆ ಎಂಜಿನ್ನಿನ ಎತ್ತರ, ಅದಾದ ಮೇಲೆ ಕೋನ. ಈ ಕ್ರಮ ತಪ್ಪಿದರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ, ಪೆಟ್ರೋಲ್ ಮಾತ್ರ ಸುರಿಯುತ್ತಲೇ ಇರುತ್ತದೆ.

ಮುಂದೆ ಬರುವ ಲೆಕ್ಕಗಳಿಗೆ ಕೆಲವು ತೂಕಗಳು ಗೊತ್ತಿದ್ದರೆ ಸಾಕು. ನೀರು ಲೀಟರಿಗೆ ಒಂದು ಕಿಲೋ. ಪೆಟ್ರೋಲ್ ಲೀಟರಿಗೆ ಸುಮಾರು 0.75 ಕಿಲೋ, ಅಂದರೆ 25 ಲೀಟರಿನ ಟ್ಯಾಂಕ್ ತುಂಬಿದರೆ ಟ್ಯಾಂಕಿನ ತೂಕವೂ ಸೇರಿ 22–23 ಕಿಲೋ. 15 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್ 50 ಕಿಲೋ ಆಸುಪಾಸು. ಅದೇ ಶಕ್ತಿಯ ಹಳೆಯ ಟೂ ಸ್ಟ್ರೋಕ್ 36ರ ಆಸುಪಾಸು. 100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ 25ರಿಂದ 30 ಕಿಲೋ ತೂಗಿದರೆ, ಅಷ್ಟೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಅದರ ಅರ್ಧಕ್ಕಿಂತ ಕಡಿಮೆ. ಹಳೆಯ ದೋಣಿಗೆ ಹೊಸ ಫೋರ್ ಸ್ಟ್ರೋಕ್ ಕೂರಿಸಿದ ದಿನದಿಂದ ಮೂತಿ ಆಕಾಶ ನೋಡತೊಡಗಿದರೆ ಕಾರಣ ಇಲ್ಲೇ ಇದೆ: ದೋಣಿಯ ಕಟ್ಟಕಡೆಯ ತುದಿಗೆ ಹದಿನೈದು ಕಿಲೋ ಹೆಚ್ಚುವರಿ ನೇತುಬಿದ್ದಿದೆ.

ನಿಂತ ನೀರಿನಲ್ಲಿ ಅಳತೆ

ಗಾಳಿ, ಅಲೆ ಇಲ್ಲದ ಹೊತ್ತಿನಲ್ಲಿ ದೋಣಿಯನ್ನು ಸಡಿಲವಾಗಿ ಕಟ್ಟಿ. ಹಗ್ಗ ಬಿಗಿಯಾಗಿದ್ದರೆ ಅದೇ ದೋಣಿಯನ್ನು ಒಂದು ಕಡೆಗೆ ಎಳೆದು ಅಳತೆ ಕೆಡಿಸುತ್ತದೆ. ಕೆಲಸಕ್ಕೆ ಹೋಗುವಾಗ ಏನೆಲ್ಲ ಇರುತ್ತದೋ ಅದನ್ನೆಲ್ಲ ಅದರದರ ಜಾಗದಲ್ಲಿ ಇಡಿ: ಬಲೆ, ಐಸ್ ಪೆಟ್ಟಿಗೆ, ಲಂಗರು, ತುಂಬಿದ ಟ್ಯಾಂಕ್. ಜನ ಕೂರುವ ಜಾಗದಲ್ಲಿ ಜನರೇ ಕೂರಲಿ. ಈಗ ದೋಣಿಯ ಮೇಲಂಚಿನಿಂದ ನೀರಿನವರೆಗೆ ಐದು ಕಡೆ ಟೇಪ್ ಇಳಿಬಿಡಿ: ಹಿಂಬದಿಯ ಎಡ ಮತ್ತು ಬಲ ಮೂಲೆ, ನಡುಭಾಗದ ಎಡ ಮತ್ತು ಬಲ, ಮೂತಿಯ ತುದಿ. ಅಳೆಯುವವನು ದೋಣಿಯೊಳಗೆ ನಿಂತು ಬಗ್ಗಿದರೆ ಅವನ ತೂಕವೇ ಲೆಕ್ಕ ಕೆಡಿಸುತ್ತದೆ. ಜೆಟ್ಟಿಯ ಮೇಲಿನಿಂದಲೋ ಪಕ್ಕದ ದೋಣಿಯಿಂದಲೋ ಅಳೆಯಬೇಕು.

ಎಡ–ಬಲದ ನಡುವೆ 2 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಓಡುವಾಗ ಅದು ಕೈಗೆ ತಟ್ಟುತ್ತದೆ. ಹಿಂದು–ಮುಂದಿನದನ್ನು ಮೇಲಂಚಿನ ಅಳತೆಯಿಂದ ನೇರವಾಗಿ ಹೇಳಲಾಗದು, ಏಕೆಂದರೆ ಹೆಚ್ಚಿನ ದೋಣಿಗಳ ಅಂಚು ಮೂತಿಯ ಕಡೆಗೆ ಏರಿರುತ್ತದೆ. ಅದಕ್ಕಾಗಿ ಖಾಲಿ ದೋಣಿಯ ಅಳತೆಯನ್ನೂ ಒಮ್ಮೆ ತೆಗೆದು ಬರೆದಿಡಿ. ಸಾಮಾನು ಹೇರಿದ ಮೇಲೆ ಹಿಂಬದಿ 9 ಸೆಂಟಿಮೀಟರ್ ಇಳಿದು ಮೂತಿ 1 ಸೆಂಟಿಮೀಟರ್ ಏರಿದ್ದರೆ ಭಾರವೆಲ್ಲ ಎಲ್ಲಿ ಹೋಗಿದೆ ಎನ್ನುವುದು ಕೇಳಬೇಕಾಗಿಲ್ಲ. ಹೊರಡುವ ಹೊತ್ತಿನ ಭಾರಕ್ಕೆ ನೀರಿನ ಗೆರೆ ಮುಟ್ಟುವ ಜಾಗದಲ್ಲಿ ಮೂತಿಗೂ ಹಿಂದಿನ ಎರಡೂ ಮೂಲೆಗಳಿಗೂ ಚಿಕ್ಕ ಪಟ್ಟಿ ಬಣ್ಣ ಬಳಿದುಬಿಟ್ಟರೆ ಮುಂದೆ ಟೇಪೇ ಬೇಡ.

ಈ ಗುರುತಿನಿಂದ ಇನ್ನೊಂದು ದೊಡ್ಡ ಉಪಯೋಗವಿದೆ. ನೀರನ್ನು ಮುಟ್ಟುವ ಭಾಗ 3.8 ಮೀಟರ್ ಉದ್ದ, 1.4 ಮೀಟರ್ ಅಗಲ ಇದ್ದರೆ, ಮೂತಿಯ ಚೂಪಿಗೆ ಒಂದಿಷ್ಟು ಕಳೆದು 0.8ರಿಂದ ಗುಣಿಸಿದಾಗ ಸುಮಾರು 4.25 ಚದರ ಮೀಟರ್ ಸಿಗುತ್ತದೆ. ಅಂದರೆ ದೋಣಿಯನ್ನು 1 ಸೆಂಟಿಮೀಟರ್ ಕೆಳಗಿಳಿಸಲು ಹತ್ತಿರ ಹತ್ತಿರ 43 ಕಿಲೋ ಬೇಕು. ಅದೇ ಸಾಮಾನು, ಅದೇ ಜನ ಇದ್ದೂ ದೋಣಿ ಕಳೆದ ವರ್ಷಕ್ಕಿಂತ 3 ಸೆಂಟಿಮೀಟರ್ ಕೆಳಗೆ ತೇಲುತ್ತಿದ್ದರೆ 130 ಕಿಲೋದಷ್ಟು ನೀರು ಎಲ್ಲೋ ಅಡಗಿದೆ. ಎರಡು ತಳದ ನಡುವೆ, ಆಸನದ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ ಅಥವಾ ತೇಲಲೆಂದು ತುಂಬಿದ ಫೋಮ್ ನೀರು ಕುಡಿದು ಕೂತಿದೆ. ಫೈಬರ್ ದೋಣಿಗಳಲ್ಲಿ ಇದು ಅಪರೂಪವೇನಲ್ಲ. ಡ್ರೈನ್ ಪ್ಲಗ್ ತೆಗೆದು, ದೋಣಿಯ ಮೂತಿ ಎತ್ತಿಟ್ಟು ಒಂದು ರಾತ್ರಿ ಬಿಟ್ಟು ನೋಡಿ. ಫೋಮ್ ಕುಡಿದ ನೀರು ಮಾತ್ರ ಹಾಗೆ ಇಳಿಯದು, ಅದನ್ನು ಕತ್ತರಿಸಿ ತೆಗೆದು ಹೊಸದು ತುಂಬಬೇಕು.

ಎಷ್ಟು ಹೇರಬಹುದು ಎನ್ನುವುದನ್ನು ದೋಣಿ ಕಟ್ಟಿದವರು ಅಂಟಿಸಿದ ಫಲಕವೇ ಹೇಳುತ್ತದೆ. ಫಲಕವಿಲ್ಲದ, 20 ಅಡಿಗಿಂತ ಚಿಕ್ಕ ಒಂಟಿ ತಳದ ದೋಣಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಸರಳ ಸೂತ್ರ: ಅಡಿಯಲ್ಲಿ ಉದ್ದ ಗುಣಿಸು ಅಗಲ, ಭಾಗಿಸು 15. ಹದಿನಾಲ್ಕು ಅಡಿ ಉದ್ದ, ಐದು ಅಡಿ ಅಗಲಕ್ಕೆ 4.67, ಅಂದರೆ ನಾಲ್ಕು ಜನ. ಇದು ಶಾಂತ ನೀರಿನ ಲೆಕ್ಕ. ಬಲೆ, ಐಸ್, ಹಿಡಿಯಲಿರುವ ಮೀನು ಸೇರಿ ಪ್ರತಿ 70 ಕಿಲೋಗೆ ಒಬ್ಬನನ್ನು ಇಳಿಸಬೇಕು.

ತೂಕ ಮತ್ತು ದೂರ

ದೋಣಿಗೆ ತಿಳಿಯುವುದು ತೂಕ ಒಂದೇ ಅಲ್ಲ, ಆ ತೂಕ ಎಷ್ಟು ದೂರದಲ್ಲಿದೆ ಎನ್ನುವುದೂ ತಿಳಿಯುತ್ತದೆ. ಮಕ್ಕಳ ಏತಪಾತದ ಆಟದಲ್ಲಿ ಹಗುರ ಹುಡುಗ ತುದಿಗೆ ಸರಿದು ಭಾರದವನನ್ನು ಎತ್ತುವ ಹಾಗೆ. ಪ್ರತಿ ವಸ್ತುವಿನ ತೂಕವನ್ನು ಹಿಂಬದಿಯ ಅಡ್ಡಹಲಗೆಯಿಂದ, ಅಂದರೆ ಎಂಜಿನ್ ಕೂರುವ ಟ್ರಾನ್ಸಮ್‌ನಿಂದ, ಅದಿರುವ ದೂರದಿಂದ ಗುಣಿಸಿ. ಎಲ್ಲ ಗುಣಲಬ್ಧ ಕೂಡಿಸಿ ಒಟ್ಟು ತೂಕದಿಂದ ಭಾಗಿಸಿದರೆ ಭಾರಕೇಂದ್ರ ಸಿಗುತ್ತದೆ.

4.2 ಮೀಟರಿನ ಒಂದು ದೋಣಿ ತೆಗೆದುಕೊಳ್ಳಿ. ಖಾಲಿ ದೋಣಿ 130 ಕಿಲೋ, ಅದರ ಕೇಂದ್ರ 1.9 ಮೀಟರಿನಲ್ಲಿ. ಎಂಜಿನ್ 52 ಕಿಲೋ, ದೂರ ಸೊನ್ನೆ. ಟ್ಯಾಂಕ್ 23 ಕಿಲೋ ಮತ್ತು ಬ್ಯಾಟರಿ 25 ಕಿಲೋ, ಎರಡೂ 0.4 ಮೀಟರಿನಲ್ಲಿ. ಓಡಿಸುವವನು 75 ಕಿಲೋ, 0.7ರಲ್ಲಿ. ಐಸ್ ಪೆಟ್ಟಿಗೆ 50 ಕಿಲೋ, 1.2ರಲ್ಲಿ. ಬಲೆ 40 ಕಿಲೋ, 1.5ರಲ್ಲಿ. ಎರಡನೆಯವನು 70 ಕಿಲೋ, 2.3ರಲ್ಲಿ. ಲಂಗರು ಮತ್ತು ಹಗ್ಗ 12 ಕಿಲೋ, 3.6ರಲ್ಲಿ. ಒಟ್ಟು 477 ಕಿಲೋ, ಗುಣಲಬ್ಧಗಳ ಮೊತ್ತ 643, ಭಾರಕೇಂದ್ರ 1.35 ಮೀಟರ್. ದೋಣಿಯ ಉದ್ದದ 32 ಶೇಕಡಾ.

ನೀರಿನ ಮೇಲೆ ಏರಿ ಜಾರಿಕೊಂಡು ಓಡುವ, ಅಂದರೆ ಪ್ಲೇನ್ ಆಗುವ ತಳದ ದೋಣಿಗೆ ಭಾರಕೇಂದ್ರ ಹಿಂದಿನಿಂದ 35ರಿಂದ 40 ಶೇಕಡಾ ಒಳಗಿದ್ದರೆ ಹೊಂದಿಸಲು ಸುಲಭ. ಇದು ಆರಂಭದ ಅಂದಾಜು, ತಳದ ಆಕಾರಕ್ಕೆ ತಕ್ಕಂತೆ ಚೂರು ಆಚೀಚೆ ಆಗುತ್ತದೆ. 32 ಕಡಿಮೆಯಾಯಿತು. ಆ ಎರಡನೆಯವನು ಬಾರದ ದಿನ ಲೆಕ್ಕ ಹಾಕಿದರೆ 1.18 ಮೀಟರ್, ಬರೀ 28 ಶೇಕಡಾ. ಒಂಟಿಯಾಗಿ ಹೋದ ದಿನವೇ ದೋಣಿ ಕುಪ್ಪಳಿಸುತ್ತದೆ ಎನ್ನುವುದರ ಗುಟ್ಟು ಇಷ್ಟೇ.

ಈಗ ಬ್ಯಾಟರಿಯನ್ನು 2.9ಕ್ಕೆ, ಟ್ಯಾಂಕನ್ನು 1.6ಕ್ಕೆ, ಐಸ್ ಪೆಟ್ಟಿಗೆಯನ್ನು 2.2ಕ್ಕೆ ಸರಿಸಿ. ಒಂದು ಕಿಲೋ ಕೂಡ ಇಳಿಸಲಿಲ್ಲ, ಆದರೂ ಭಾರಕೇಂದ್ರ 1.64ಕ್ಕೆ, 39 ಶೇಕಡಾಗೆ ಬಂತು. ಒಬ್ಬನೇ ಹೋದರೂ 36. ಎಂಜಿನ್ನನ್ನು ಎಡಬಲಕ್ಕೆ ತಿರುಗಿಸುವ ಟಿಲ್ಲರ್ ಹಿಡಿಗೆ ಉದ್ದಿಕೆ ಹಾಕಿ ಆ ಒಬ್ಬನೂ ಅರ್ಧ ಮೀಟರ್ ಮುಂದೆ ಕೂತರೆ ಮತ್ತೆ 38–39.

ನಿಧಾನಕ್ಕೆ ಓಡುವ, ದುಂಡು ತಳದ, ಪ್ಲೇನ್ ಆಗದ ದೋಣಿಗಳಿಗೆ ಈ ಶೇಕಡಾ ಹೊಂದುವುದಿಲ್ಲ. ಅವು ನೀರನ್ನು ಸೀಳಿಕೊಂಡೇ ಹೋಗುವುದರಿಂದ ಹೆಚ್ಚುಕಡಿಮೆ ಸಮತಟ್ಟಾಗಿ ತೇಲಬೇಕು, ಹಿಂಬದಿ ಬೇಕಾದರೆ ಒಂದೆರಡು ಸೆಂಟಿಮೀಟರ್ ಆಳ. ಅಂಥ ದೋಣಿಗೆ ದೊಡ್ಡ ಎಂಜಿನ್ ಹಾಕಿ ಥ್ರಾಟಲ್ ಒತ್ತಿದರೆ ಹಿಂಬದಿ ತನ್ನದೇ ಗುಂಡಿಗೆ ಇಳಿಯುತ್ತದೆಯೇ ಹೊರತು ವೇಗ ಬರದು.

ಯಾವುದನ್ನು ಹೇಗೆ ಸರಿಸುವುದು

ಬ್ಯಾಟರಿ ಮೊದಲ ಅಭ್ಯರ್ಥಿ. ಚಿಕ್ಕದು, ಭಾರ, ದಿನವಿಡೀ ಮುಟ್ಟಬೇಕಾಗಿಲ್ಲ. ಆದರೆ ಸೆಲ್ಫ್ ಸ್ಟಾರ್ಟ್ ಇದ್ದರೆ ಕೇಬಲ್ ಉದ್ದವಾದಷ್ಟೂ ವೋಲ್ಟೇಜ್ ಬೀಳುತ್ತದೆ. ಉದ್ದ ಎರಡರಷ್ಟಾದರೆ ತಾಮ್ರದ ಅಡ್ಡಳತೆಯ ವಿಸ್ತೀರ್ಣವೂ ಎರಡರಷ್ಟಾಗಬೇಕು. ಹಳೆಯ ಕೇಬಲಿಗೇ ತುಂಡು ಜೋಡಿಸಿ ಟೇಪ್ ಸುತ್ತಿದರೆ ಉಪ್ಪುನೀರಿನಲ್ಲಿ ಆ ಜೋಡಣೆ ಹಸಿರುಗಟ್ಟಿ, ಬೆಳಗಿನ ಜಾವ ಸ್ಟಾರ್ಟರ್ ಟಿಕ್ ಟಿಕ್ ಎನ್ನುತ್ತದೆ. ಇಡೀ ಕೇಬಲ್ ಹೊಸದು ಹಾಕಿ, ಪ್ಲಸ್ ತುದಿಗೆ ಬ್ಯಾಟರಿಯ ಬಳಿಯೇ ಫ್ಯೂಸ್ ಅಥವಾ ಬ್ರೇಕರ್ ಇಡಿ. ಬ್ಯಾಟರಿಯನ್ನು ಪೆಟ್ಟಿಗೆಯೊಳಗಿಟ್ಟು ಪಟ್ಟಿಯಿಂದ ಬಿಗಿಯಿರಿ. ಕೈಯಿಂದ ಬಲವಾಗಿ ತಳ್ಳಿದರೆ 25 ಮಿಲಿಮೀಟರಿಗಿಂತ ಹೆಚ್ಚು ಅಲುಗಬಾರದು. ಮೂತಿಯ ತುತ್ತತುದಿಗೆ ಒಯ್ಯಬೇಡಿ. ಅಲೆಗೆ ಅತಿ ಹೆಚ್ಚು ಕುಕ್ಕುವ ಜಾಗ ಅದು, ಬ್ಯಾಟರಿಯ ಒಳಗಿನ ಸೀಸದ ಫಲಕಗಳು ಉದುರುತ್ತವೆ.

ಟ್ಯಾಂಕ್ ಸರಿಸುವಾಗ ಪೈಪಿನ ಉದ್ದ ಮೂರು ಮೀಟರ್ ದಾಟದಂತೆ ನೋಡಿ. ಎಂಜಿನ್ನಿನ ಪುಟ್ಟ ಪಂಪಿಗೆ ಅದಕ್ಕಿಂತ ದೂರದಿಂದ ಎಳೆಯುವುದು ಹೊರೆ, ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಕೆಮ್ಮುತ್ತದೆ. ಪೈಪಿನ ನಡುವೆ ಇರುವ, ಕೈಯಿಂದ ಹಿಸುಕುವ ಪ್ರೈಮರ್ ಬಲ್ಬಿನ ಬಾಣ ಎಂಜಿನ್ನಿನ ಕಡೆಗಿರಲಿ. ಜನ ತುಳಿಯುವ ಕಡೆ ಪೈಪನ್ನು ಬದಿಗೆ ಕ್ಲಿಪ್ಪಿನಲ್ಲಿ ಕೂರಿಸಿ. ಟ್ಯಾಂಕ್ ದಿನದಲ್ಲಿ ಹಗುರಾಗುತ್ತಲೇ ಹೋಗುವ ವಸ್ತು, ಆದ್ದರಿಂದ ಅದು ಭಾರಕೇಂದ್ರದ ಹತ್ತಿರವೇ ಇದ್ದರೆ ಒಳ್ಳೆಯದು. ಖಾಲಿಯಾದರೂ ದೋಣಿಯ ನಿಲುವು ಬದಲಾಗದು.

ಹೆಚ್ಚು ಫಲ, ಕಡಿಮೆ ಖರ್ಚು ಯಾವುದರಲ್ಲಿ ಎಂದರೆ ಟಿಲ್ಲರ್ ಉದ್ದಿಕೆ. ಹಿಂಬದಿಯ ಮೂಲೆಯಲ್ಲಿ ಕೂತ ಮನುಷ್ಯ ಆ ದೋಣಿಯ ಅತಿ ಭಾರದ ಸಾಮಾನು. ಅವನನ್ನು ಅರ್ಧ ಮೀಟರ್ ಮುಂದೆ ತರುವುದು 12 ಕಿಲೋ ಲಂಗರನ್ನು ಮೂರು ಮೀಟರ್ ಒಯ್ದದ್ದಕ್ಕೆ ಸಮ. ಥ್ರಾಟಲ್ ಹಿಡಿಯನ್ನು ಬಿಗಿಯಾಗಿ ಕಚ್ಚಿಕೊಂಡು ತಿರುಗಿಸಬಲ್ಲ ಉದ್ದಿಕೆಯೇ ಆಗಬೇಕು. ಬರೀ ಪಿವಿಸಿ ಪೈಪು ತುರುಕಿದರೆ ತಿರುವಿನಲ್ಲಿ ಜಾರಿ ಥ್ರಾಟಲ್ ಕೈ ತಪ್ಪುತ್ತದೆ. ಎಂಜಿನ್ ನಿಲ್ಲಿಸುವ ಸುರುಳಿ ದಾರ ಉದ್ದಿಕೆಗೆ ತಕ್ಕಷ್ಟು ಉದ್ದ ಇದೆಯೇ ನೋಡಿಕೊಂಡು ಮೈಗೋ ಜಾಕೆಟಿಗೋ ಸಿಕ್ಕಿಸಿಕೊಳ್ಳಿ.

ಮುಂದಕ್ಕೆ ಸರಿಸಿ ಎಂದಮಾತ್ರಕ್ಕೆ ಯಾರನ್ನೂ ಮೂತಿಯ ಹಲಗೆಯ ಮೇಲೆ ಕೂರಿಸಿಕೊಂಡು ಓಡಿಸಕೂಡದು. ಒಂದು ಅಲೆಗೆ ದೋಣಿ ತಡೆದು ನಿಂತರೆ ಅವನು ಮುಂದಕ್ಕೆ ಎಸೆಯಲ್ಪಡುತ್ತಾನೆ, ದೋಣಿ ಅವನ ಮೇಲೆಯೇ ಹಾಯುತ್ತದೆ, ಕೊನೆಯಲ್ಲಿ ಪ್ರೊಪೆಲರ್ ಇದೆ.

ಎಡ, ಬಲ ಮತ್ತು ಬಲೆ ಎಳೆಯುವ ಹೊತ್ತು

ಬಲಕ್ಕೆ ತಿರುಗುವ ಪ್ರೊಪೆಲರ್, ಅಂದರೆ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುವಂಥದ್ದು, ದೋಣಿಯನ್ನು ಎಡಕ್ಕೆ ವಾಲಿಸಲು ನೋಡುತ್ತದೆ. ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಓಡಿಸುವವನು ಬಲಬದಿಯಲ್ಲಿ ಕೂತರೆ ಅರ್ಧ ಸಮಸ್ಯೆ ತಾನೇ ಕಳೆಯಿತು. ಎಡಬದಿಯಲ್ಲಿ ಕೂರುವುದೇ ರೂಢಿಯಾಗಿದ್ದರೆ ಟ್ಯಾಂಕನ್ನೋ ಬ್ಯಾಟರಿಯನ್ನೋ ಬಲಕ್ಕೆ ಇಡಬೇಕು.

ನಿಂತಾಗ ಸಮವಾಗಿದ್ದು ಓಡುವಾಗ ಹಿಡಿ ಒಂದೇ ಕಡೆ ಎಳೆಯುತ್ತಿದ್ದರೆ ಪ್ರೊಪೆಲರಿನ ಮೇಲಿನ ಫಲಕದ ಅಡಿ ನೋಡಿ. ಅಲ್ಲಿ ಹೆಚ್ಚಿನ ಎಂಜಿನ್‌ಗಳಿಗೆ ರೆಕ್ಕೆಯ ಆಕಾರದ ಪುಟ್ಟ ತುಂಡು ಇರುತ್ತದೆ. ದೋಣಿ ಬಲಕ್ಕೆ ಎಳೆದರೆ ಅದರ ಹಿಂತುದಿಯನ್ನು ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ ತಿರುಗಿಸಿ ಬೋಲ್ಟ್ ಬಿಗಿಯಬೇಕು. ಒಮ್ಮೆಗೆ ಮೂರ್ನಾಲ್ಕು ಮಿಲಿಮೀಟರ್ ಸಾಕು. ಅದು ತುಕ್ಕು ತಡೆಯುವ ಸತುವಿನ ತುಂಡೂ ಆಗಿದ್ದರೆ ಬಣ್ಣ ಬಳಿಯಬಾರದು.

ಬದಿಯಿಂದ ಬಲೆ ಎಳೆಯುವಾಗ ಆಗುವುದನ್ನು ಲೆಕ್ಕದಲ್ಲಿ ನೋಡಿದರೆ ಎದೆ ಸ್ವಲ್ಪ ಝಲ್ಲೆನ್ನುತ್ತದೆ. ಬಲೆಯ ಎಳೆತ 60 ಕಿಲೋ, ಅಂಚು ನಡುಗೆರೆಯಿಂದ 0.7 ಮೀಟರ್ ದೂರ: 42. ಎಳೆಯುವವನು 75 ಕಿಲೋ, ನಡುಗೆರೆಯಿಂದ ಅರ್ಧ ಮೀಟರ್: ಇನ್ನೂ 37. ಎರಡೂ ಸೇರಿ 80ರ ಹತ್ತಿರ, ಎಲ್ಲವೂ ಒಂದೇ ಕಡೆಗೆ. ಎದುರುಬದಿಯಲ್ಲಿ ಕೂತ 70 ಕಿಲೋದ ಮನುಷ್ಯ ಕೊಡುವುದು 35 ಮಾತ್ರ. ಉಳಿದದ್ದನ್ನು ದೋಣಿಯ ಅಗಲವೇ ಹೊರಬೇಕು. ಇದರ ಮೇಲೆ ಇನ್ನೊಂದು ವಿಷಯ: ನೀರಿನಲ್ಲಿ ನೇತಾಡುವ ಭಾರ ದೋಣಿಗೆ ಅನಿಸುವುದು ಅದು ತೂಗುಬಿದ್ದ ಜಾಗದಲ್ಲಿ. ಬಲೆ ಅಂಚಿನ ಉರುಳೆಯ ಮೇಲೆ ಹಾದರೆ ಆ ಭಾರ ಉರುಳೆಯ ಎತ್ತರದಲ್ಲಿ ಕೂತ ಹಾಗೆ, ಒಂದು ಮೀಟರ್ ಎತ್ತರದ ಕಂಬದ ಗಾಲಿಯ ಮೇಲೆ ಹಾದರೆ ಒಂದು ಮೀಟರ್ ಮೇಲೆ ಕೂತ ಹಾಗೆ. ಆದ್ದರಿಂದ ಉರುಳೆ ತಗ್ಗಿನಲ್ಲಿರಲಿ. ಎಳೆಯುವ ಮೊದಲೇ ತುಂಬಿದ ಕ್ರೇಟುಗಳನ್ನು ಎದುರುಬದಿಗೆ ಸರಿಸಿಡಿ. ಬಲೆ ಕಲ್ಲಿಗೆ ಸಿಕ್ಕಿಕೊಂಡಿದ್ದರೆ ಬದಿಯಿಂದ ಜಗ್ಗಬೇಡಿ, ಹಗ್ಗವನ್ನು ಮೂತಿಗೆ ತನ್ನಿ. ಮೂತಿಯಲ್ಲಿ ಅಂಚು ಎತ್ತರ, ದೋಣಿಯ ಇಡೀ ಉದ್ದ ಆ ಎಳೆತವನ್ನು ತಡೆಯುತ್ತದೆ.

ಲಂಗರಿನ ಹಗ್ಗಕ್ಕೂ ಇದೇ ಮಾತು, ಇನ್ನೂ ಕಟ್ಟುನಿಟ್ಟಾಗಿ. ಹಿಂಬದಿಯಿಂದ ಲಂಗರು ಹಾಕಲೇಬಾರದು. ಗಿಡ್ಡ ಶಾಫ್ಟಿನ, ಅಂದರೆ ನೀರಿಗಿಳಿಯುವ ಕಾಲು ಗಿಡ್ಡ ಇರುವ, ಎಂಜಿನ್ ಕೂರುವ ಅಡ್ಡಹಲಗೆಯ ಎತ್ತರ ತಳದಿಂದ 15 ಇಂಚು, ಅಂದರೆ 38 ಸೆಂಟಿಮೀಟರ್. ಅದರಲ್ಲಿ 20 ನೀರಿನಲ್ಲಿ ಮುಳುಗಿದ್ದರೆ ಉಳಿದದ್ದು 18. ಪ್ರವಾಹ ಹಗ್ಗವನ್ನು ಬಿಗಿಯುತ್ತ ಹಿಂಬದಿಯನ್ನು ಕೆಳಕ್ಕೆ ಎಳೆದಾಗ ಒಂದೇ ಅಲೆ ಒಳಗೆ ಬಂದರೆ ಸಾಕು, ಎರಡನೆಯದಕ್ಕೆ ಅಡ್ಡಿಯೇ ಇರದು.

ಓಡಾಡುವ ಭಾರ

ತಳದಲ್ಲಿ 3 ಮೀಟರ್ ಉದ್ದ, 1 ಮೀಟರ್ ಅಗಲದಲ್ಲಿ 5 ಸೆಂಟಿಮೀಟರ್ ನೀರು ನಿಂತಿದೆ ಎಂದರೆ ಪಾದ ಒದ್ದೆಯಾಯಿತು ಅಷ್ಟೇ ಎಂದುಕೊಳ್ಳುತ್ತಾರೆ. ಅದು 150 ಕಿಲೋ, ಇಬ್ಬರು ಆಳು. ಥ್ರಾಟಲ್ ಒತ್ತಿದಾಗ ಮೂತಿ ಎದ್ದು ಆ ಇಬ್ಬರೂ ಹಿಂದಕ್ಕೆ ಓಡುತ್ತಾರೆ, ತಿರುವಿನಲ್ಲಿ ಹೊರಬದಿಗೆ, ಅಲೆಗೆ ವಾಲಿದರೆ ವಾಲಿದ ಕಡೆಗೇ. ಗಟ್ಟಿ ಸಾಮಾನು ಇಟ್ಟಲ್ಲಿ ಇರುತ್ತದೆ, ನೀರು ಮಾತ್ರ ಯಾವಾಗಲೂ ತಪ್ಪಾದ ಕಡೆಗೇ ಹೋಗುತ್ತದೆ. ಹೊರಡುವ ಮೊದಲು, ಬಲೆ ಎಳೆದ ಮೇಲೆ, ವಾಪಸ್ ತಿರುಗುವ ಮುನ್ನ ಮೂರು ಸಲ ನೀರು ಮೊಗೆಯುವುದು ಟ್ರಿಮ್ಮಿನ, ಅಂದರೆ ದೋಣಿಯ ನಿಲುವು ಸರಿಪಡಿಸುವ, ಕೆಲಸವೇ.

ಜೀವಂತ ಮೀನಿನ ತೊಟ್ಟಿಗೂ ಇದೇ ನಿಯಮ. 60 ಲೀಟರಿನ ತೊಟ್ಟಿ ಪೂರ್ತಿ ತುಂಬಿದ್ದರೆ 60 ಕಿಲೋದ ಗಟ್ಟಿ ಭಾರ, ಅರ್ಧ ತುಂಬಿದ್ದರೆ 30 ಕಿಲೋದ ತುಳುಕುವ ಭಾರ, ಎರಡನೆಯದೇ ಕೆಟ್ಟದ್ದು. ತುಂಬಿಸಿ ಮುಚ್ಚಳ ಹಾಕಿ, ಇಲ್ಲವೇ ಖಾಲಿ ಮಾಡಿ. ನಡುವೆ ರಂಧ್ರವಿರುವ ಅಡ್ಡ ತಡೆ ಹಾಕಿದರೆ ತುಳುಕಾಟ ಬಹಳ ತಗ್ಗುತ್ತದೆ.

ತಳದಲ್ಲಿ ರಾಶಿ ಹಾಕಿದ ಮೀನು ಅರ್ಧ ನೀರಿನಂತೆ ವರ್ತಿಸುತ್ತದೆ. ಲೋಳೆಯ ಮೇಲೆ ಜಾರಿ ಒಂದೇ ಮೂಲೆಗೆ ಸೇರುತ್ತದೆ. ನಡುವೆ ತಡೆಹಲಗೆ ಹಾಕಿ ಎರಡು ಮೂರು ಖಾನೆ ಮಾಡಿ ಅಥವಾ ಕ್ರೇಟಿನಲ್ಲಿ ತುಂಬಿ ಸಾಲಾಗಿ ಕಟ್ಟಿ. ಎಲ್ಲಿಡಬೇಕು ಎನ್ನುವುದಕ್ಕೆ ಮತ್ತೆ ಮೇಲಿನ ಲೆಕ್ಕ: ಸರಿಪಡಿಸಿದ ಅದೇ ದೋಣಿಗೆ 80 ಕಿಲೋ ಮೀನು 0.8 ಮೀಟರಿನಲ್ಲಿ ಬಿದ್ದರೆ ಭಾರಕೇಂದ್ರ 36 ಶೇಕಡಾಗೆ ಇಳಿಯುತ್ತದೆ, 1.9 ಮೀಟರಿನಲ್ಲಿ ಇಟ್ಟರೆ 40ರಲ್ಲಿ ನಿಲ್ಲುತ್ತದೆ. ಒದ್ದೆ ಬಲೆ ಒಣಗಿದ್ದಕ್ಕಿಂತ ಭಾರ ಎನ್ನುವುದೂ ನೆನಪಿರಲಿ, ಬೆಳಿಗ್ಗೆ ಸಮವಾಗಿದ್ದ ದೋಣಿ ಮಧ್ಯಾಹ್ನ ಬೇರೆಯೇ ದೋಣಿ. ಸಾಮಾನುಗಳ ಜಾಗ ಗೊತ್ತುಮಾಡುವಾಗ ಹೊರಡುವ ಹೊತ್ತು, ಎಳೆಯುವ ಹೊತ್ತು, ಮರಳುವ ಹೊತ್ತು ಮೂರನ್ನೂ ಲೆಕ್ಕ ಹಾಕಿ.

ಎಂಜಿನ್ನಿನ ಎತ್ತರ ಮತ್ತು ಕೋನ

ಭಾರ ಕೂತ ಮೇಲೆ ಎಂಜಿನ್. ಪ್ರೊಪೆಲರಿನ ಮೇಲೆ ಅಡ್ಡಲಾಗಿ ಚಾಚಿದ ಫಲಕ ಇದೆಯಲ್ಲ, ಗಾಳಿ ತಡೆಯುವ ಫಲಕ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಕೆಳಗೆ ಇರಬೇಕು. ದಡದಲ್ಲಿ ಎಂಜಿನ್ ನೆಟ್ಟಗೆ ನಿಲ್ಲಿಸಿ, ತಳಕ್ಕೆ ನೇರ ಪಟ್ಟಿಯೊಂದನ್ನು ಆನಿಸಿ ಹಿಂದಕ್ಕೆ ಚಾಚಿದರೆ ತಿಳಿಯುತ್ತದೆ. ಮೂರು ನಾಲ್ಕು ಇಂಚು ಕೆಳಗಿದ್ದರೆ ಎಂಜಿನ್ ನೀರನ್ನು ಉಳುತ್ತದೆ, ತುಂತುರು ಅಡ್ಡಹಲಗೆ ದಾಟಿ ಒಳಗೆ ಬರುತ್ತದೆ, ವೇಗ ಕಡಿಮೆ. ಮೇಲಿದ್ದರೆ ತಿರುವಿನಲ್ಲಿ ಗಾಳಿ ಹೀರಿ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗದು. 20 ಇಂಚಿನ ಹಲಗೆಗೆ 15 ಇಂಚಿನ ಶಾಫ್ಟ್ ಹಾಕಿದರೆ ಈ ಎರಡನೆಯ ಗತಿ, ಅದಕ್ಕೆ ಹೊಂದಿಸುವ ದಾರಿ ಇಲ್ಲ. ಎತ್ತರಿಸಬೇಕಾದರೆ ಹಲಗೆಯ ಮೇಲೆ ಗಟ್ಟಿಮರದ ಪಟ್ಟಿ ಬೋಲ್ಟ್ ಹಾಕಿ ಕೂರಿಸಿ, ಒಮ್ಮೆಗೆ ಅರ್ಧ ಇಂಚು. ಎಂಜಿನ್ ನಡುಗೆರೆಯಲ್ಲೇ ಇದೆಯೇ ಎಂದು ಎರಡೂ ಮೂಲೆಯಿಂದ ಅಳೆಯಿರಿ. ಕ್ಲಾಂಪ್ ತಿರುಪುಗಳನ್ನು ಓಡಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿಯಿರಿ, ಎಂಜಿನ್ನಿಗೆ ಸುರಕ್ಷತಾ ಸರಪಳಿ ಇರಲಿ.

ಸಣ್ಣ ಎಂಜಿನ್ನಿನ ಬ್ರಾಕೆಟ್ಟಿನಲ್ಲಿ ಪಿನ್ನಿಗೆ ನಾಲ್ಕರಿಂದ ಆರು ತೂತು ಇರುತ್ತವೆ. ದೋಣಿಯ ಹತ್ತಿರದ ತೂತಿನಲ್ಲಿ ಪಿನ್ ಇದ್ದರೆ ಪ್ರೊಪೆಲರ್ ಒಳಕ್ಕೆ ಬಂದು ಮೂತಿ ತಗ್ಗುತ್ತದೆ. ಹೊರಗಿನ ತೂತಿಗೆ ಹೋದಷ್ಟೂ ಪ್ರೊಪೆಲರ್ ಹೊರಕ್ಕೆ, ಮೂತಿ ಮೇಲಕ್ಕೆ.

1. ಎಂಜಿನ್ ನಿಲ್ಲಿಸಿ, ಮೇಲೆತ್ತಿ, ಪಿನ್ನನ್ನು ಒಳಗಿನಿಂದ ಎರಡನೆಯ ತೂತಿಗೆ ಹಾಕಿ. ಎರಡೂ ಬದಿ ಸರಿಯಾಗಿ ಹೊಕ್ಕಿ ಬೀಗ ಕೂತಿದೆಯೇ ನೋಡಿ.
2. ದಿನದ ಭಾರ ಇರಲಿ. ಖಾಲಿ ದೋಣಿಯ ಪರೀಕ್ಷೆ ಖಾಲಿ ದೋಣಿಗೆ ಮಾತ್ರ ಸರಿ.
3. ಪೂರ್ತಿ ಥ್ರಾಟಲಿನಲ್ಲಿ ಫೋನಿನ ಜಿಪಿಎಸ್ ವೇಗ, ಆರ್‌ಪಿಎಂ ಮೀಟರಿದ್ದರೆ ಅದು, ನಿಂತಲ್ಲಿಂದ ಪ್ಲೇನ್ ಆಗಲು ಹಿಡಿದ ಸೆಕೆಂಡು, ಮೂರನ್ನೂ ಬರೆಯಿರಿ. ಹೋದ ದಾರಿಯಲ್ಲೇ ವಾಪಸ್ ಬಂದು ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ, ಗಾಳಿ–ಪ್ರವಾಹದ ಲೆಕ್ಕ ಕಳೆಯುತ್ತದೆ.
4. ಒಂದು ತೂತು ಹೊರಕ್ಕೆ. ಮತ್ತೆ ಅದೇ.
5. ದೋಣಿ ಕುಪ್ಪಳಿಸತೊಡಗಿದ ಅಥವಾ ತಿರುವಿನಲ್ಲಿ ಗಾಳಿ ಹೀರಿದ ತೂತಿನಿಂದ ಒಂದು ಒಳಕ್ಕೆ ಬನ್ನಿ. ನಿಮ್ಮ ಜಾಗ ಅದೇ.

ಪ್ಲೇನ್ ಆಗಿ ಓಡುವಾಗ ದೋಣಿಯ ತಳ ನೀರಿಗೆ ಮೂರರಿಂದ ಐದು ಡಿಗ್ರಿ ಏರಿದ್ದರೆ ಎಳೆತ ಅತಿ ಕಡಿಮೆ. ನಿಂತಾಗ ಒಮ್ಮೆ, ಓಡುವಾಗ ಒಮ್ಮೆ ಫೋನಿನ ಮಟ್ಟದ ಆಪ್ ಅನ್ನು ಆಸನದ ಮೇಲಿಟ್ಟರೆ ವ್ಯತ್ಯಾಸ ಸಿಗುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಿ. ಪಿನ್ನನ್ನೂ ಬ್ಯಾಟರಿಯನ್ನೂ ಒಟ್ಟಿಗೆ ಸರಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳುವವರು ಯಾರು?

ತುಂಬಿದ ದೋಣಿಯಲ್ಲಿ ಪೂರ್ತಿ ಥ್ರಾಟಲಿಗೂ ಆರ್‌ಪಿಎಂ ಕೈಪಿಡಿಯಲ್ಲಿ ಹೇಳಿದ ಮಟ್ಟಕ್ಕೆ ಏರದಿದ್ದರೆ (ಹಲವು ಫೋರ್ ಸ್ಟ್ರೋಕುಗಳಿಗೆ ಅದು 5000ದಿಂದ 6000) ಪ್ರೊಪೆಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ, ಜಾಸ್ತಿಯಾಗಿದೆ. ಒಂದು ಇಂಚು ಪಿಚ್ ಕಡಿಮೆ ಮಾಡಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ.

ದೋಣಿ ಹೇಳುವ ಲಕ್ಷಣಗಳು

ನಯವಾದ ನೀರಿನಲ್ಲೂ ಮೂತಿ ಒಂದೇ ತಾಳದಲ್ಲಿ ಏಳುತ್ತ ಬೀಳುತ್ತ ಇದ್ದರೆ ಅದು ಕುಪ್ಪಳಿಸುವುದು. ಭಾರ ಹಿಂದಿದೆ ಅಥವಾ ಎಂಜಿನ್ ಅತಿ ಹೊರಕ್ಕಿದೆ. ಆ ಗಳಿಗೆಗೆ ಥ್ರಾಟಲ್ ಇಳಿಸಿ, ಆಮೇಲೆ ಭಾರ ಮುಂದಕ್ಕೆ ತನ್ನಿ. ಎರಡೂ ಸರಿ ಇದ್ದೂ ನಿಲ್ಲದಿದ್ದರೆ ದೋಣಿಯನ್ನು ಮಗುಚಿ ತಳದ ಹಿಂದಿನ ಒಂದೂವರೆ ಮೀಟರಿಗೆ ನೇರ ಪಟ್ಟಿ ಆನಿಸಿ ನೋಡಿ. ತಳ ಉಬ್ಬಿದ್ದರೆ ಅದೇ ಕುಪ್ಪಳಿಸುತ್ತದೆ. ಒಳಕ್ಕೆ ತಗ್ಗಿದ್ದರೆ ತದ್ವಿರುದ್ಧ, ಮೂತಿ ಏಳುವುದೇ ಇಲ್ಲ. ವರ್ಷಗಟ್ಟಲೆ ಎರಡೇ ಅಡ್ಡಕಂಬದ ಮೇಲೆ ಕೂರಿಸಿಟ್ಟ ಫೈಬರ್ ದೋಣಿಗಳಲ್ಲಿ ಇದು ಕಾಣುತ್ತದೆ.

ಪ್ಲೇನ್ ಆಗಲು ತುಂಬ ಹೊತ್ತು ಹಿಡಿದು, ಮೂತಿ ಎದ್ದು ಮುಂದೇನೂ ಕಾಣದಿದ್ದರೆ ಹಿಂಬದಿ ಭಾರ. ಮೂತಿ ನೀರನ್ನು ಉಳುತ್ತ, ಎರಡೂ ಬದಿಗೆ ನೀರು ಬಹಳ ಮುಂದಿನಿಂದಲೇ ಸಿಡಿಯುತ್ತ, ಹಿಡಿ ಭಾರವಾಗಿ, ದೋಣಿ ತಾನೇ ಒಂದು ಕಡೆ ತಿರುಗಲು ನೋಡಿದರೆ ಎಂಜಿನ್ ಅತಿ ಒಳಕ್ಕಿದೆ ಅಥವಾ ಭಾರ ಮುಂದೆ ಜಾಸ್ತಿಯಾಗಿದೆ. ಕುಪ್ಪಳಿಸುವುದು ಬೆನ್ನಿಗೆ ಕಷ್ಟ, ಇದು ಜೀವಕ್ಕೆ ಕಷ್ಟ: ಮೂತಿ ಕಚ್ಚಿಕೊಂಡರೆ ದೋಣಿ ಗಿರಕ್ಕನೆ ಅಡ್ಡ ತಿರುಗಿ ಜನರನ್ನು ಹೊರಗೆಸೆಯುತ್ತದೆ.

ಗಾಳಿ ತಡೆಯುವ ಫಲಕಕ್ಕೆ ಜೋಡಿಸುವ ಪ್ಲಾಸ್ಟಿಕ್ ರೆಕ್ಕೆ ಹಿಂಬದಿಯನ್ನು ಎತ್ತಿ ಬೇಗ ಪ್ಲೇನ್ ಮಾಡಿಸುವುದು ನಿಜ. ಆದರೆ ಹೆಚ್ಚಿನವರು ಅದನ್ನು ಹಾಕುವುದು ಬ್ಯಾಟರಿ ಸರಿಸುವ ಸೋಮಾರಿತನಕ್ಕೆ. ಪೂರ್ತಿ ವೇಗದಲ್ಲಿ ಅದು ಎಳೆತ, ಅದಕ್ಕಾಗಿ ಫಲಕಕ್ಕೆ ಕೊರೆದ ತೂತು ವಾಪಸ್ ಮುಚ್ಚುವುದಿಲ್ಲ. ಭಾರ ಸರಿಸಲು ಜಾಗವೇ ಇಲ್ಲದ ದೋಣಿಗೆ ಮಾತ್ರ ಹಾಕಿ.

ಅಲೆ ಇದ್ದಾಗ

ಎದುರಲೆಗೆ ಒಂದು ತೂತು ಒಳಕ್ಕೆ ಮತ್ತು ವೇಗ ಕಡಿಮೆ. ಮೂತಿಯ ಚೂಪು ಅಲೆಯನ್ನು ಸೀಳಬೇಕು, ಚಪ್ಪಟೆ ತಳ ಅದರ ಮೇಲೆ ಕುಕ್ಕಬಾರದು. ಬೆನ್ನಲೆಗೆ ಉಲ್ಟಾ: ಒಂದು ತೂತು ಹೊರಕ್ಕೆ, ಮುಂದೆ ಕೂತವನು ಅರ್ಧ ಮೀಟರ್ ಹಿಂದಕ್ಕೆ. ಇಲ್ಲದಿದ್ದರೆ ಅಲೆಯಿಂದ ಇಳಿಯುವಾಗ ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಳ್ಳುತ್ತದೆ. ಪಿನ್ ಬದಲಿಸುವ ಕೆಲಸವನ್ನು ದಡ ಬಿಡುವ ಮೊದಲೇ ಹವಾಮಾನ ನೋಡಿ ಮಾಡಿಕೊಳ್ಳಿ. ಅಲೆಯ ನಡುವೆ ಎಂಜಿನ್ ನಿಲ್ಲಿಸಿ ಹಿಂಬದಿಗೆ ಬಗ್ಗಿ ನಿಲ್ಲುವುದಕ್ಕಿಂತ ತಪ್ಪು ಕೋನದಲ್ಲೇ ನಿಧಾನಕ್ಕೆ ಬರುವುದು ವಾಸಿ. ಅಡ್ಡಲೆಗೆ ಭಾರವನ್ನು ಗಾಳಿ ಬರುವ ಬದಿಗೆ ಸ್ವಲ್ಪ ಸರಿಸಿ, ಯಾರೂ ನಿಲ್ಲದಿರಲಿ.

ತುಂಬಿದ ದೋಣಿಯನ್ನು ನಿಲ್ಲಿಸುವಾಗ ಥ್ರಾಟಲನ್ನು ಒಮ್ಮೆಗೇ ಬಿಡಬೇಡಿ. ದೋಣಿ ಕೂತ ಮರುಕ್ಷಣ ಅದರದೇ ಹಿಂದಿನ ಅಲೆ ಬಂದು ಅಡ್ಡಹಲಗೆಗೆ ಬಡಿಯುತ್ತದೆ, ಹಿಂಬದಿ ತಗ್ಗಾಗಿದ್ದರೆ ನೇರ ಒಳಕ್ಕೆ. ಅರ್ಧಕ್ಕೆ ಇಳಿಸಿ, ಮೂತಿ ಇಳಿಯಲು ಬಿಟ್ಟು, ಎರಡು ಮೂರು ಸೆಕೆಂಡು ಗೇರಿನಲ್ಲೇ ನಿಧಾನಕ್ಕೆ ಮುಂದೆ ಸಾಗಿ. ಅಲೆ ಅಡಿಯಲ್ಲಿ ಹಾದುಹೋದ ಮೇಲೆ ನ್ಯೂಟ್ರಲ್.